ಮನೆ ಸ್ವಂತದ್ದು, ಆದರೂ ವಿಳಾಸ ಒಪ್ಪುತ್ತಿಲ್ಲವೇ? ಥಾಯ್ಲೆಂಡ್ ನಿವೃತ್ತಿ ವೀಸಾ ನವೀಕರಣದಲ್ಲಿ ದೋಷ ಹುಡುಕುವ ಬಗೆ

ಬ್ಯಾಂಕ್ ಪತ್ರ ಇದೆ. ಪಾಸ್‌ಬುಕ್ಕಿಗೆ ಅವತ್ತೇ ಬೆಳಿಗ್ಗೆ ಎಂಟ್ರಿ ಹಾಕಿಸಿದ್ದಾಗಿದೆ. ವಾಸದ ಅವಧಿ ಮುಂದುವರಿಸಲು ಕೊಡುವ ಟಿಎಂ 7 ಅರ್ಜಿ, ಫೋಟೊ, 1,900 ಬಾತ್ ಶುಲ್ಕ, ಎಲ್ಲಾ ಕೈಯಲ್ಲೇ ಇದೆ. ಆದರೂ ಕೌಂಟರಿನಲ್ಲಿ ಕೂತವರು ಫೈಲು ವಾಪಸ್ ಕೊಟ್ಟು ವಿಳಾಸ ಸರಿಯಿಲ್ಲ ಎನ್ನುತ್ತಾರೆ. ನೀವು ಮನೆಯ ಮೂಲಪತ್ರವನ್ನೇ ತೆಗೆದು ಮುಂದಿಡುತ್ತೀರಿ. ಅವರು ಅದನ್ನು ನೋಡಿ ಮತ್ತೆ ತಲೆಯಾಡಿಸುತ್ತಾರೆ.

ಥಾಯ್ಲೆಂಡಿನಲ್ಲಿ ನಿವೃತ್ತಿ ಆಧಾರದ ಮೇಲೆ ವಾಸ ಇರುವವರಲ್ಲಿ ಈ ಕಷ್ಟ ಬಾಡಿಗೆಯವರಿಗಿಂತ ಸ್ವಂತ ಮನೆಯವರಿಗೇ ಜಾಸ್ತಿ. ಬಾಡಿಗೆಯವರಿಗೆ ಒಬ್ಬ ಮಾಲೀಕ ಇರುತ್ತಾನೆ. ಕರಾರು ಪತ್ರ ಕೊಡುವವನು ಅವನೇ, ಪೊಲೀಸರಿಗೆ ತಿಳಿಸುವವನೂ ಅವನೇ. ಸ್ವಂತ ಮನೆಯವರ ಪಾಲಿಗೆ ಆ ಕೆಲಸ ಮಾಡುವವರು ಯಾರೂ ಇಲ್ಲ. ಅದನ್ನು ತಾವೇ ಮಾಡಬೇಕು ಅನ್ನೋದು ಎಷ್ಟೋ ಜನರಿಗೆ ನವೀಕರಣದ ದಿನವೇ ಗೊತ್ತಾಗುವುದು.

ಇಮಿಗ್ರೇಷನ್ ಕಚೇರಿಗೆ ಬೇಕಾದ ಉತ್ತರಗಳು ಮೂರು. ನೀವು ಎಲ್ಲಿ ವಾಸ ಮಾಡುತ್ತಿದ್ದೀರಿ? ಅಲ್ಲಿರಲು ನಿಮಗೇನು ಹಕ್ಕಿದೆ? ನೀವು ಅಲ್ಲಿದ್ದೀರಿ ಎಂದು ಆ ಮನೆಯ ಯಜಮಾನರು ತಿಳಿಸಿದ್ದಾರಾ? ಮೂಲಪತ್ರ ಎರಡನೆಯದಕ್ಕೆ ಮಾತ್ರ ಉತ್ತರ. ನಮ್ಮಲ್ಲಿ ಕ್ರಯಪತ್ರ ಆಗಿದ್ದರೂ ಖಾತಾ ಆಗಿಲ್ಲ ಅಂದರೆ ಕಾರ್ಪೊರೇಷನ್ ಲೆಕ್ಕದಲ್ಲಿ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ ಅಲ್ವಾ, ಹಾಗೇ ಇದೂ. ಆದ್ದರಿಂದ ಯಾವ ದೋಷ ಹುಡುಕುವಾಗಲೂ ಮೊದಲು ಕೇಳಿಕೊಳ್ಳಬೇಕಾದ್ದು: ಈ ಮೂರರಲ್ಲಿ ಯಾವುದಕ್ಕೆ ಉತ್ತರ ಸಿಕ್ಕಿಲ್ಲ?

ಮೊದಲು ಸಮಯ ನೋಡಿಕೊಳ್ಳಿ

ವಾಸದ ಅವಧಿ ಮುಗಿಯುವ 30 ದಿನ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕೆಲವು ಕಚೇರಿಗಳು 45 ದಿನ ಮುಂಚೆಯೂ ತೆಗೆದುಕೊಳ್ಳುತ್ತವೆ. ವಿಳಾಸದ ದೋಷ ಇದ್ದರೆ ಸರಿಪಡಿಸಲು ಭೂ ಕಚೇರಿ, ವಿದ್ಯುತ್ ಕಚೇರಿ, ಪುರಸಭೆ ಅಂತ ಅಲೆಯಬೇಕಾಗಬಹುದು. ಅದಕ್ಕೇ ಕೊನೆಯ ವಾರದವರೆಗೆ ಕಾಯಬೇಡಿ. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ದಂಡಕ್ಕಿಂತ ದೊಡ್ಡ ನಷ್ಟ ಎಂದರೆ ವರ್ಷಗಳಿಂದ ನಡೆಸಿಕೊಂಡು ಬಂದ ವಾಸದ ಅನುಮತಿ ಅಲ್ಲಿಗೇ ಕಡಿದುಹೋಗುವುದು.

ಹಣದ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ವಯಸ್ಸು ಕನಿಷ್ಠ 50 ಆಗಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ತೋರಿಸುವವರು ಅದನ್ನು ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಇಟ್ಟಿರಬೇಕು. ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಹಾಗೇ ಇರಬೇಕು. ಆಮೇಲೆ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ದಾರಿಯೂ ಇದೆ. ಇದು ಸರಿ ಇದ್ದೂ ಫೈಲು ವಾಪಸ್ ಬಂದಿದ್ದರೆ ಮಾತ್ರ ಮುಂದಕ್ಕೆ ಓದಿ.

ಮೊದಲ ಪರೀಕ್ಷೆ: ಎಲ್ಲಾ ಕಾಗದ ಒಂದೇ ಮೇಜಿನ ಮೇಲೆ

ಎಲ್ಲಿಗೂ ಹೋಗುವ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ವಿಳಾಸ ಇರುವ ಪ್ರತಿಯೊಂದು ಕಾಗದವನ್ನೂ ಹೊರಗೆ ತೆಗೆಯಿರಿ. ಮೂಲಪತ್ರ, ಮನೆ ನೋಂದಣಿ ಪುಸ್ತಕ (ಥಾಯ್ ಭಾಷೆಯಲ್ಲಿ ತಬಿಯನ್ ಬಾನ್), ಟಿಎಂ 30 ರಸೀದಿ (ವಿದೇಶಿಯರು ಮನೆಯಲ್ಲಿದ್ದಾರೆ ಎಂದು ಯಜಮಾನರು ತಿಳಿಸಿದ್ದಕ್ಕೆ ಕೊಡುವುದು), 90 ದಿನಕ್ಕೊಮ್ಮೆ ಕೊಡುವ ಟಿಎಂ 47 ವರದಿಯ ಚೀಟಿ, ಕರೆಂಟ್ ಬಿಲ್, ನೀರಿನ ಬಿಲ್, ಬ್ಯಾಂಕಿಗೆ ಕೊಟ್ಟ ವಿಳಾಸ, ಈಗ ತುಂಬಿಸಿದ ಟಿಎಂ 7. ಒಬ್ಬರು ಓದಲಿ, ಇನ್ನೊಬ್ಬರು ಟಿಕ್ ಹಾಕಲಿ. ಮನೆ ನಂಬರಿನ ಒಂದೊಂದು ಅಂಕಿಯನ್ನೂ ಬಿಡಿಸಿ ಓದಬೇಕು.

ಹುವಾ ಹಿನ್‌ನಲ್ಲಿ ಮನೆ ಮಾಡಿಕೊಂಡಿರುವ ಮೈಸೂರಿನ ದಂಪತಿ ಹೀಗೆ ಕೂತು ಓದುತ್ತಿದ್ದಾಗ ಮೂರನೇ ಕಾಗದಕ್ಕೇ ಸಿಕ್ಕಿಬಿತ್ತು. "ರೀ, ಇದರಲ್ಲಿ ಬಿ 14 ಅಂತ ಇದೆಯಲ್ರೀ, ಪುಸ್ತಕದಲ್ಲಿ 88/17 ಇದೆ" ಎಂದರು ಆಕೆ. ಬಿ 14 ಎನ್ನುವುದು ಬಡಾವಣೆ ಕಟ್ಟಿದವರು ಗೇಟಿನ ಮೇಲೆ ಹಾಕಿದ ನಂಬರು. ಕೊರಿಯರ್ ಹುಡುಗನಿಗೆ ಅದೇ ಸಾಕು. ಆದರೆ ಸರ್ಕಾರದ ಲೆಕ್ಕದಲ್ಲಿ ಬಿ 14 ಅನ್ನುವ ಮನೆಯೇ ಇಲ್ಲ, ಇರುವುದು 88/17. ಅವರ ಟಿಎಂ 30 ಗೇಟಿನ ನಂಬರಿನಲ್ಲಿ ಸಲ್ಲಿಕೆಯಾಗಿತ್ತು.

ಕಾಂಡೊಮಿನಿಯಂ ಫ್ಲ್ಯಾಟಿನಲ್ಲೂ ಇದೇ ಕತೆ. ಬಾಗಿಲ ಮೇಲೆ 1204 ಅಂತ ಇರುತ್ತದೆ, ಅಂದರೆ 12ನೇ ಮಹಡಿಯ 4ನೇ ಮನೆ. ಸರ್ಕಾರಿ ನಂಬರು 99/145 ಥರದ್ದು. ಲಿಫ್ಟಿನಲ್ಲಿ ದಿನಾ ನೋಡುವ ನಂಬರನ್ನೇ ಜನ ಅರ್ಜಿಯಲ್ಲಿ ಬರೆದುಬಿಡುತ್ತಾರೆ. ಎಲ್ಲಾ ಕಡೆ ಓರೆಗೆರೆ ಇರುವ ನಂಬರನ್ನೇ ಬರೆಯಿರಿ. ಮಹಡಿ, ಬಾಗಿಲು ನಂಬರು ಬೇಕಿದ್ದರೆ ಆಮೇಲೆ ಸೇರಿಸಿ.

ಇನ್ನೊಂದು ಮೋಸದ ಜಾಗ ಮೂ ನಂಬರು. ಥಾಯ್ ವಿಳಾಸದಲ್ಲಿ ಮನೆ ನಂಬರ್ ಆದ ಮೇಲೆ ಮೂ 5, ಮೂ 11 ಎಂದು ಹಳ್ಳಿಯ ಸಂಖ್ಯೆ ಬರುತ್ತದೆ. ಆಮೇಲೆ ಸೋಯಿ (ಅಡ್ಡರಸ್ತೆ), ತಂಬೊನ್ (ನಮ್ಮ ಹೋಬಳಿ ಥರ), ಆಂಫೋ (ತಾಲ್ಲೂಕು ಥರ), ಕೊನೆಗೆ ಪ್ರಾಂತ್ಯ. ಬ್ಯಾಂಕಾಕಿನಲ್ಲಾದರೆ ತಂಬೊನ್ ಬದಲು ಖ್ವೆಂಗ್, ಆಂಫೋ ಬದಲು ಖೆತ್. ಮೂ ಬಾನ್ ಅಂದರೆ ಬೇರೆಯೇ, ಅದು ಬಡಾವಣೆಯ ಹೆಸರು. ಬಡಾವಣೆ ಹೆಸರು ಬರೆದು ಮೂ ನಂಬರ್ ಬಿಟ್ಟರೆ ಅದೇ 88/17 ಪಕ್ಕದ ಹಳ್ಳಿಯಲ್ಲೂ ಇರಬಹುದು. ಅಧಿಕಾರಿಗೆ ಅನುಮಾನ ಬರುವುದು ಸಹಜ.

ಸಂದೇಹ ಬಂದಾಗ ಯಾವುದನ್ನು ಸರಿ ಎಂದು ಹಿಡಿಯಬೇಕು? ಮನೆ ಪುಸ್ತಕವನ್ನು. ಅದರ ಮೊದಲ ಪುಟದಲ್ಲಿ 11 ಅಂಕಿಯ ಮನೆ ಸಂಕೇತ ಇರುತ್ತದೆ, ಕೆಳಗೆ ವಿಳಾಸ ಥಾಯ್ ಲಿಪಿಯಲ್ಲಿ ಪೂರ್ತಿ ಇರುತ್ತದೆ. ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಆ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಂಡರೆ ಯಾವ ಕಚೇರಿಯಲ್ಲೂ ವಿಳಾಸವನ್ನು ಬಾಯಲ್ಲಿ ಹೇಳುವ ಕಷ್ಟವಿಲ್ಲ.

ಲಕ್ಷಣ: "ಟಿಎಂ 30 ಇಲ್ಲ" ಎನ್ನುತ್ತಾರೆ

ನೂರಕ್ಕೆ ಇಷ್ಟು ಎಂದು ಲೆಕ್ಕ ಕೊಡಲಾರೆ, ಆದರೆ ನಾನು ಕಂಡ ಫೈಲುಗಳಲ್ಲಿ ಅತಿ ಹೆಚ್ಚು ಸಲ ಬಂದದ್ದು ಇದೇ. ಥಾಯ್ಲೆಂಡಿನ 1979ರ ವಲಸೆ ಕಾಯ್ದೆಯ 38ನೇ ಕಲಂ ಪ್ರಕಾರ, ತಾತ್ಕಾಲಿಕ ಅನುಮತಿಯ ಮೇಲಿರುವ ವಿದೇಶಿಯೊಬ್ಬರು ಒಂದು ಮನೆಗೆ ಬಂದು ಉಳಿದರೆ ಆ ಮನೆಯ ಯಜಮಾನ, ಮಾಲೀಕ ಅಥವಾ ಸ್ವಾಧೀನದಲ್ಲಿರುವವರು 24 ಗಂಟೆಯೊಳಗೆ ಅಧಿಕಾರಿಗೆ ತಿಳಿಸಬೇಕು. ಹಾಗೆ ತಿಳಿಸುವ ನಮೂನೆಯೇ ಟಿಎಂ 30. ನೀವೇ ಮಾಲೀಕರಾದರೆ ನಿಮ್ಮ ಬಗ್ಗೆ ನೀವೇ ತಿಳಿಸಬೇಕು. ಕೇಳಲು ವಿಚಿತ್ರ ಅನಿಸಬಹುದು, ಆದರೆ ಅಷ್ಟೇ ಸರಳ.

ಪರೀಕ್ಷೆ ಹೇಗೆ? ಕೌಂಟರಿನಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಈಗ ಯಾವ ವಿಳಾಸ ಇದೆ?" ಎಂದು ಮರ್ಯಾದೆಯಿಂದ ಕೇಳಿ. ಉತ್ತರ ನಾಲ್ಕು ಥರ ಬರಬಹುದು.

ಏನೂ ಇಲ್ಲ ಎಂದರೆ ನೀವು ಸಲ್ಲಿಸಿಯೇ ಇಲ್ಲ, ಇಲ್ಲವೇ ಮನೆ ಮಾರಿದವರು ಹೇಳಿದ "ಎಲ್ಲಾ ನಾವು ಮಾಡಿದ್ದೀವಿ" ಎಂಬ ಮಾತು ನಂಬಿದ್ದೀರಿ. ಅಲ್ಲೇ ಸಲ್ಲಿಸಿ. ತಡವಾದುದಕ್ಕೆ ದಂಡ 2,000 ಬಾತ್ ವರೆಗೆ ಹಾಕಬಹುದು. ಕಟ್ಟಿ ರಸೀದಿ ಪಡೆದರೆ ಮುಗಿಯಿತು.

ಹಳೆಯ ಪಾಸ್‌ಪೋರ್ಟ್ ನಂಬರಿಗೆ ಇದೆ ಎಂದರೆ ಕಾರಣ ಸ್ಪಷ್ಟ. ದಾಖಲೆ ಕೂಡಿಕೊಂಡಿರುವುದು ಪಾಸ್‌ಪೋರ್ಟ್ ನಂಬರಿಗೆ. ನಮ್ಮ ಪಾಸ್‌ಪೋರ್ಟ್ 10 ವರ್ಷಕ್ಕೊಮ್ಮೆ ಬದಲಾಗುತ್ತದೆ, ನಂಬರೂ ಬದಲಾಗುತ್ತದೆ. ಹೊಸದು ಕೈಗೆ ಬಂದ ಕೂಡಲೇ ಹಳೆಯದನ್ನೂ ಹಿಡಿದುಕೊಂಡು ಹೋಗಿ ವೀಸಾ ಮುದ್ರೆಗಳನ್ನು ವರ್ಗಾಯಿಸಿಕೊಳ್ಳಿ, ಜೊತೆಗೇ ಹೊಸ ನಂಬರಿಗೆ ಟಿಎಂ 30 ಸಲ್ಲಿಸಿ. ಎರಡೂ ಒಂದೇ ದಿನ ಆದರೆ ಚೆನ್ನ.

ಯಾವುದೋ ಹೋಟೆಲಿನ ವಿಳಾಸ ಇದೆ ಎಂದರೆ ಗಾಬರಿ ಬೀಳಬೇಡಿ. ನೀವು ಚಿಯಾಂಗ್ ಮಾಯ್‌ಗೆ ಹೋಗಿ ಎರಡು ರಾತ್ರಿ ಉಳಿದಿದ್ದರೆ ಆ ಹೋಟೆಲಿನವರು ಕಾನೂನಿನಂತೆ ನಿಮ್ಮ ವಿವರ ಕಳಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಕೊನೆಯದಾಗಿ ಬಂದದ್ದು ಅದೇ. 2020ರಲ್ಲಿ ನಿಯಮ ಸಡಿಲವಾಗಿ, ಮೊದಲೇ ತಿಳಿಸಿದ ಮನೆಗೇ ವಾಪಸ್ ಬಂದವರು ಮತ್ತೆ ತಿಳಿಸಬೇಕಿಲ್ಲ ಎಂದಾಯಿತು. ಆದರೂ ಕೆಲವು ಕಚೇರಿಗಳು ನವೀಕರಣದ ಹೊತ್ತಿಗೆ ಹೊಸ ರಸೀದಿ ಕೇಳುತ್ತವೆ. ನಿಯಮ ತೋರಿಸಿ ವಾದ ಮಾಡುವುದಕ್ಕಿಂತ ಇನ್ನೊಂದು ನಮೂನೆ ತುಂಬಿಸಿ ಕೊಡುವುದೇ ಲೇಸು. ಅದಕ್ಕೆ ಶುಲ್ಕವೂ ಇಲ್ಲ.

ಬೇರೆಯೇ ವಿಳಾಸ, ಅಂದರೆ ಮನೆ ಕೊಳ್ಳುವ ಮುಂಚೆ ಇದ್ದ ಬಾಡಿಗೆ ಮನೆಯದು ಎಂದರೆ, ಸ್ವಂತ ಮನೆಗೆ ಬಂದ ಮೇಲೆ ಬದಲಾವಣೆ ತಿಳಿಸಿಲ್ಲ ಎಂದರ್ಥ. 90 ದಿನದ ವರದಿಯಲ್ಲೂ ಹಳೆಯ ವಿಳಾಸವೇ ಓಡುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಸರಿಮಾಡಿಸಿ.

ಭಾರತಕ್ಕೆ ಹೋಗಿ ಬಂದವರು ಇನ್ನೊಂದನ್ನು ನೋಡಿಕೊಳ್ಳಬೇಕು. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರೆಲ್ಲ ಆನ್‌ಲೈನ್ ಆಗಮನ ಕಾರ್ಡ್ ತುಂಬಿಸಬೇಕು. ಅದರಲ್ಲಿ ಉಳಿಯುವ ವಿಳಾಸ ಕೇಳುತ್ತಾರೆ. ವಿಮಾನ ಹತ್ತುವ ಗಡಿಬಿಡಿಯಲ್ಲಿ ಬ್ಯಾಂಕಾಕಿನ ಹೋಟೆಲ್ ಹೆಸರು ಹಾಕಿಬಿಡಬೇಡಿ. ನೇರ ಮನೆಗೇ ಹೋಗುವವರು ಪುಸ್ತಕದಲ್ಲಿರುವ ವಿಳಾಸವನ್ನೇ ಹಾಕಿ. ಆ ಕಾರ್ಡನ್ನು ಟಿಎಂ 30 ಎಂದು ತಿಳಿಯಬೇಡಿ, ಎರಡೂ ಬೇರೆ.

ಸಲ್ಲಿಸುವಾಗ ಬೇಕಾದ್ದು: ತುಂಬಿದ ನಮೂನೆ, ಮೂಲಪತ್ರ, ಮನೆ ಪುಸ್ತಕ, ಪಾಸ್‌ಪೋರ್ಟ್, ಎಲ್ಲದರ ಜೆರಾಕ್ಸ್. ಪ್ರತಿ ಜೆರಾಕ್ಸಿನ ಮೇಲೂ ಆ ಕಾಗದ ಯಾರದೋ ಅವರದೇ ಸಹಿ ಇರಬೇಕು, ನೀಲಿ ಶಾಯಿಯಲ್ಲಿ. ಕಪ್ಪು ಶಾಯಿ ಆದರೆ ಜೆರಾಕ್ಸ್ ಯಾವುದು, ಸಹಿ ಯಾವುದು ಎಂದು ಗೊತ್ತಾಗುವುದಿಲ್ಲ. ನಮೂನೆಯ ಕೆಳಭಾಗದ ಚೂರನ್ನು ಠಸ್ಸೆ ಒತ್ತಿ ಹರಿದು ಕೊಡುತ್ತಾರೆ. ಅಂಗೈಯಗಲದ ಆ ಚೀಟಿಯೇ ನಿಮ್ಮ ಸಾಕ್ಷಿ. ಪಾಸ್‌ಪೋರ್ಟಿಗೆ ಸ್ಟೇಪಲ್ ಮಾಡಿಸಿಕೊಳ್ಳಿ, ಫೋಟೊ ತೆಗೆದಿಡಿ. ಆನ್‌ಲೈನಿನಲ್ಲಿ ಸಲ್ಲಿಸಬಹುದು, ಆದರೆ ಮನೆ ನೋಂದಾಯಿಸಿ ಖಾತೆಗೆ ಒಪ್ಪಿಗೆ ಬರಬೇಕು. ನವೀಕರಣ ಹತ್ತಿರ ಬಂದಿದ್ದರೆ ಖುದ್ದಾಗಿ ಹೋಗುವುದೇ ವಾಸಿ.

ಗಂಡ ಹೆಂಡತಿ ಇಬ್ಬರೂ ವಿದೇಶಿಯರಾಗಿದ್ದರೆ ಇಬ್ಬರ ಹೆಸರೂ ಬೇಕು. ಫ್ಲ್ಯಾಟ್ ಗಂಡನ ಹೆಸರಿನಲ್ಲಿದೆ, ಅವರ ಟಿಎಂ 30 ಸರಿ ಇದೆ, ಹೆಂಡತಿಯದ್ದು ಸಲ್ಲಿಸಿಯೇ ಇಲ್ಲ. ಇದನ್ನು ಎಷ್ಟು ಸಲ ನೋಡಿದ್ದೇನೋ. ಅವಲಂಬಿತರಾಗಿ ಅನುಮತಿ ಪಡೆಯುವವರಿಗೂ ವಿಳಾಸದ ದಾಖಲೆ ಪ್ರತ್ಯೇಕ.

ಲಕ್ಷಣ: "ಮನೆ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ"

ಥಾಯ್ ಪ್ರಜೆಗಳ ಮನೆ ಪುಸ್ತಕ ನೀಲಿ. ಕಾಂಡೊ ಕೊಂಡ ವಿದೇಶಿಯರಿಗೂ ಆ ಮನೆಯ ನೀಲಿ ಪುಸ್ತಕ ಕೈಗೆ ಬರುತ್ತದೆ, ಆದರೆ ಒಳಗಿನ ಪುಟ ಖಾಲಿ. ನಿಮ್ಮ ಹೆಸರು ಅದರಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಖಾಲಿ ಪುಸ್ತಕ ನೋಡಿ ಮೋಸ ಹೋದೆವೇನೋ ಎಂದು ಹೆದರಿದವರಿದ್ದಾರೆ, ಹೆದರಬೇಡಿ. ಆ ಪುಸ್ತಕ ಹೇಳುವುದು ಮನೆಯ ವಿಳಾಸವನ್ನು ಮಾತ್ರ, ಒಡೆತನವನ್ನಲ್ಲ. ಅದರ ಜೊತೆ ಕಾಂಡೊ ಮೂಲಪತ್ರ ಇಡಿ. ಭೂ ಕಚೇರಿಯ ಠಸ್ಸೆ ಇರುವ, ಹಿಂಬದಿಯಲ್ಲಿ ಕೊನೆಯ ಸಾಲಿನಲ್ಲಿ ನಿಮ್ಮ ಹೆಸರಿರುವ ಪತ್ರ ಅದು. ಜೆರಾಕ್ಸ್ ಮಾಡಿಸುವಾಗ ಹಿಂಬದಿ ಬಿಟ್ಟುಬಿಡುತ್ತಾರೆ. ಮುಂಬದಿಯಲ್ಲಿ ಮೊದಲ ಮಾಲೀಕರ ಹೆಸರೇ ಇರುವುದರಿಂದ ಕೌಂಟರಿನವರು "ಇದು ನಿಮ್ಮದಲ್ಲ" ಎನ್ನುತ್ತಾರೆ. ಎರಡೂ ಬದಿ ಬೇಕು.

ವಿದೇಶಿಯರಿಗಾಗಿ ಹಳದಿ ಪುಸ್ತಕ ಇದೆ. ಅದರಲ್ಲಿ ನಿಮ್ಮ ಹೆಸರು ಬರೆಯುತ್ತಾರೆ. ಆಂಫೋ ಕಚೇರಿ ಅಥವಾ ಪುರಸಭೆಯಲ್ಲಿ ಅರ್ಜಿ ಹಾಕಬೇಕು. ಪಾಸ್‌ಪೋರ್ಟನ್ನು ಥಾಯ್‌ಗೆ ಅನುವಾದ ಮಾಡಿಸಿ ವಿದೇಶಾಂಗ ಇಲಾಖೆಯಿಂದ ದೃಢೀಕರಿಸಿಕೊಳ್ಳಬೇಕು, ಸಾಕ್ಷಿಗಳನ್ನು ಕರೆದೊಯ್ಯಬೇಕು. ಜೊತೆಗೆ 13 ಅಂಕಿಯ ನಂಬರು, ಗುಲಾಬಿ ಬಣ್ಣದ ಗುರುತಿನ ಚೀಟಿ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ ಮಾಡಿಸಿಕೊಳ್ಳಿ. ವಾಹನ ನೋಂದಣಿ, ಡ್ರೈವಿಂಗ್ ಲೈಸೆನ್ಸ್ ಎಲ್ಲದಕ್ಕೂ ವಿಳಾಸದ ಪುರಾವೆಯಾಗಿ ಒದಗುತ್ತದೆ. ಆದರೆ ಹಳದಿ ಪುಸ್ತಕ ಬಂತು, ಇನ್ನು ಟಿಎಂ 30 ಬೇಡ ಎಂದು ಸುಮ್ನೆ ಕೂತರೆ ಮತ್ತೆ ಕೌಂಟರಿನಲ್ಲಿ ಸಿಕ್ಕಿಬೀಳುತ್ತೀರಿ. ಪುಸ್ತಕ ಕೊಡುವುದು ಒಂದು ಇಲಾಖೆ, ಟಿಎಂ 30 ಕೇಳುವುದು ಇನ್ನೊಂದು.

ಲಕ್ಷಣ: ಮನೆ ನಿಮ್ಮದು, ನೆಲ ನಿಮ್ಮದಲ್ಲ

ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ನೆಲ ಕೊಳ್ಳುವಂತಿಲ್ಲ. ಕಾಂಡೊ ಕಟ್ಟಡದಲ್ಲಿ ಒಟ್ಟು ವಿಸ್ತೀರ್ಣದ 49 ಶೇಕಡಾದವರೆಗೆ ವಿದೇಶಿಯರ ಹೆಸರಿಗೆ ಆಗಬಹುದು. ತೋಟದ ಮನೆ ಬೇಕೆನ್ನುವವರು ನೆಲವನ್ನು ಗುತ್ತಿಗೆಗೆ ಪಡೆದು ಮನೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡಿರುತ್ತಾರೆ, ಇಲ್ಲವೇ ಜೀವಮಾನದ ಅನುಭೋಗದ ಹಕ್ಕು ಬರೆಸಿಕೊಂಡಿರುತ್ತಾರೆ. ಇಂಥವರು ಕೌಂಟರಿನಲ್ಲಿ "ನಾನು ಮಾಲೀಕ" ಎಂದು ಹೇಳಿ ನೆಲದ ಪತ್ರ ತೋರಿಸಿದರೆ ಅದರಲ್ಲಿರುವುದು ಬೇರೆಯವರ ಹೆಸರು. ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ, ನಿಮ್ಮ ಹಕ್ಕು ಯಾವುದೋ ಅದರದೇ ಪತ್ರ ತೋರಿಸುವುದು. ಮೂರು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಭೂ ಕಚೇರಿಯಲ್ಲಿ ನೋಂದಣಿ ಆಗಿರಬೇಕು. 30 ವರ್ಷದ ಗುತ್ತಿಗೆಯಾದರೆ ನೆಲದ ಪತ್ರದ (ಚನೋಟ್) ಹಿಂಬದಿಯಲ್ಲಿ ನಮೂದಾಗಿರುತ್ತದೆ. ಆ ಪುಟ, ನೋಂದಾಯಿತ ಗುತ್ತಿಗೆ ಕರಾರು, ಮನೆ ಕಟ್ಟಲು ಕೊಟ್ಟ ಪರವಾನಗಿ ಅಥವಾ ಮನೆಯಷ್ಟನ್ನೇ ಕೊಂಡ ಪತ್ರ, ಮನೆ ಪುಸ್ತಕ, ಇವಿಷ್ಟೂ ಒಟ್ಟಿಗೆ ಇರಲಿ.

ಮನೆ ಥಾಯ್ ಪತ್ನಿಯ ಅಥವಾ ಪತಿಯ ಹೆಸರಿನಲ್ಲಿದ್ದರೆ ದಾರಿ ಇನ್ನೂ ಸುಲಭ. ಅವರೇ ಮನೆಯ ಯಜಮಾನರಾಗಿ ಟಿಎಂ 30 ಸಲ್ಲಿಸುತ್ತಾರೆ. ಅವರ ನೀಲಿ ಪುಸ್ತಕ, ಗುರುತಿನ ಚೀಟಿ ಎರಡರ ಜೆರಾಕ್ಸಿಗೂ ಅವರೇ ಸಹಿ ಹಾಕಬೇಕು. ನೀವು ಹಾಕಿದರೆ ನಡೆಯುವುದಿಲ್ಲ. ಮನೆ ಪುಸ್ತಕದಲ್ಲಿ ಯಜಮಾನರೆಂದು ಅತ್ತೆಯ ಹೆಸರಿದ್ದರೆ ಅತ್ತೆಯೇ ಬರಬೇಕಾಗಬಹುದು, ಇಲ್ಲವೇ ಅವರಿಂದ ಅಧಿಕಾರ ಪತ್ರ ಬೇಕು.

ಲಕ್ಷಣ: ಹೆಸರು ಹೊಂದುತ್ತಿಲ್ಲ

ಈ ದೋಷ ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಜಾಸ್ತಿ. ಇನಿಷಿಯಲ್ ಬಿಡಿಸಿ ಊರ ಹೆಸರು, ತಂದೆ ಹೆಸರು ಎಲ್ಲಾ ಪಾಸ್‌ಪೋರ್ಟಿನಲ್ಲಿ ಸೇರಿರುತ್ತದೆ. ಕೆಲವರಿಗೆ ಅಡ್ಡಹೆಸರಿನ ಜಾಗವೇ ಖಾಲಿ. ಭೂ ಕಚೇರಿಯವರು ಅದನ್ನು ಥಾಯ್ ಲಿಪಿಯಲ್ಲಿ ಒಂದು ಥರ ಬರೆದಿರುತ್ತಾರೆ, ಆಂಫೋದವರು ಇನ್ನೊಂದು ಥರ, ವಿದ್ಯುತ್ ಕಚೇರಿಯವರು ಮೊದಲ ಹೆಸರಷ್ಟೇ. ಮೂರೂ ಕಾಗದ ಒಬ್ಬರದೇ ಎಂದು ಕೌಂಟರಿನವರಿಗೆ ಹೇಗೆ ಗೊತ್ತಾಗಬೇಕು?

ಪಾಸ್‌ಪೋರ್ಟಿನ ದೃಢೀಕೃತ ಥಾಯ್ ಅನುವಾದ ಒಂದನ್ನು ಮಾಡಿಸಿ, ಅದರಲ್ಲಿರುವ ಕಾಗುಣಿತವನ್ನೇ ಮುಂದೆ ಎಲ್ಲಾ ಕಡೆ ಕೊಡಿ. ಅನುವಾದ ಮಾಡಿಸುವಾಗ ಮೂಲಪತ್ರ ತೆಗೆದುಕೊಂಡು ಹೋಗಿ, ಅದರಲ್ಲಿ ಈಗಾಗಲೇ ಇರುವ ಕಾಗುಣಿತವನ್ನೇ ಬಳಸಲು ಹೇಳಿ. ಮೂಲಪತ್ರ ತಿದ್ದಿಸುವುದಕ್ಕಿಂತ ಅನುವಾದವನ್ನು ಅದಕ್ಕೆ ಹೊಂದಿಸುವುದು ಎಷ್ಟೋ ಸುಲಭ. ಹೆಸರೇ ಬದಲಾಗಿದ್ದರೆ, ಉದಾಹರಣೆಗೆ ಹೊಸ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿಸಿಕೊಂಡಿದ್ದರೆ, ಎರಡೂ ಹೆಸರು ಒಬ್ಬರದೇ ಎನ್ನುವ ಪತ್ರಕ್ಕಾಗಿ ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಪಾಸ್‌ಪೋರ್ಟಿನ ಕೊನೆ ಪುಟದಲ್ಲಿರುವ ಜಯನಗರದ್ದೋ ಧಾರವಾಡದ್ದೋ ವಿಳಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಲಕ್ಷಣ: ಕರೆಂಟ್ ಬಿಲ್ ಬೇರೆಯವರ ಹೆಸರಿನಲ್ಲಿದೆ

ಹಳೆಯ ಮನೆ ಕೊಂಡವರ ಮೀಟರ್ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ. ಹೊಸ ಬಡಾವಣೆಯಾದರೆ ಕಟ್ಟಿದ ಕಂಪನಿ ಹೆಸರಿನಲ್ಲಿ. ಬಿಲ್ ಕಟ್ಟುತ್ತಿರುವವರು ನೀವೇ ಆದರೂ ಹೆಸರು ನಿಮ್ಮದಲ್ಲ. ಮೂಲಪತ್ರ ಮತ್ತು ಟಿಎಂ 30 ಗಟ್ಟಿಯಾಗಿದ್ದರೆ ಬಿಲ್ಲಿನಿಂದ ಅರ್ಜಿ ನಿಲ್ಲುವುದು ಅಪರೂಪ. ಆದರೂ ಮೀಟರ್ ವರ್ಗಾವಣೆ ಮಾಡಿಸಿಕೊಂಡುಬಿಡಿ. ಕ್ರಯಪತ್ರ, ಮನೆ ಪುಸ್ತಕ, ಪಾಸ್‌ಪೋರ್ಟ್ ಹಿಡಿದುಕೊಂಡು ಹತ್ತಿರದ ವಿದ್ಯುತ್ ಕಚೇರಿಗೆ ಹೋದರೆ ಆಗುವ ಕೆಲಸ.

ಎಲ್ಲಾ ಸರಿ ಇದ್ದೂ ಇನ್ನೇನೋ ಕೇಳುತ್ತಾರೆ

ಪ್ರತಿ ಕಚೇರಿಗೂ ತನ್ನದೇ ಪಟ್ಟಿ ಇರುತ್ತದೆ. ಒಂದು ಕಡೆ ಮನೆಗೆ ಹೋಗುವ ದಾರಿಯ ನಕ್ಷೆ ಕೇಳುತ್ತಾರೆ, ಇನ್ನೊಂದು ಕಡೆ ಮನೆ ನಂಬರ್ ಕಾಣುವಂತೆ ಬಾಗಿಲಲ್ಲಿ ನಿಂತ ಫೋಟೊ. ಕಾಂಡೊದವರಿಗೆ ಆಡಳಿತ ಕಚೇರಿಯ ಪತ್ರ ಕೇಳಬಹುದು. ಹೋದ ವರ್ಷದ ಪಟ್ಟಿ ಈ ವರ್ಷ ಸಾಕಾಗದೇ ಇರಬಹುದು. ಇದರ ಬಗ್ಗೆ ಸಿಟ್ಟು ಮಾಡಿಕೊಂಡರೆ ಪ್ರಯೋಜನವಿಲ್ಲ. ಅವಧಿ ಮುಗಿಯುವ ಒಂದೂವರೆ ತಿಂಗಳ ಮುಂಚೆ ಸುಮ್ಮನೆ ಒಮ್ಮೆ ಹೋಗಿ, "ಸ್ವಂತ ಮನೆ" ಎಂದು ಸ್ಪಷ್ಟವಾಗಿ ಹೇಳಿ ಪಟ್ಟಿ ತೆಗೆದುಕೊಂಡು ಬನ್ನಿ. ಹಾಗೆ ಹೇಳದಿದ್ದರೆ ಬಾಡಿಗೆಯವರ ಪಟ್ಟಿ ಕೊಡುತ್ತಾರೆ, ಅದರಲ್ಲಿ ಬಾಡಿಗೆ ಕರಾರು ಇರುತ್ತದೆ, ನೀವು ಅದನ್ನು ಎಲ್ಲಿಂದ ತರುತ್ತೀರಿ?

ಆನ್‌ಲೈನಿನಲ್ಲಿ 90 ದಿನದ ವರದಿ ತಿರಸ್ಕಾರವಾಗಿದ್ದರೆ ಅದನ್ನು ಮುನ್ಸೂಚನೆ ಎಂದೇ ತಿಳಿಯಿರಿ. ಸಾಮಾನ್ಯವಾಗಿ ವಿಳಾಸ ಎಲ್ಲೋ ತಪ್ಪಿದೆ ಎಂದರ್ಥ. ನವೀಕರಣದ ದಿನದವರೆಗೆ ಬಿಡದೆ ಆಗಲೇ ಹೋಗಿ ಕೇಳಿ.

ಅನುಮತಿಯ ಮುದ್ರೆ ಬಿದ್ದ ಮೇಲೆ ಕೌಂಟರ್ ಬಿಡುವ ಮುಂಚೆ ದಿನಾಂಕ ಓದಿಕೊಳ್ಳಿ. ಬೆಂಗಳೂರಿಗೆ ಹೋಗಿಬರುವ ಯೋಚನೆ ಇದ್ದರೆ ಮರುಪ್ರವೇಶ ಪರವಾನಗಿಯನ್ನು ಅವತ್ತೇ ಮಾಡಿಸಿ, ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಅದಿಲ್ಲದೆ ದೇಶ ಬಿಟ್ಟರೆ ಈಗ ಪಡೆದ ಅನುಮತಿ ರದ್ದಾಗುತ್ತದೆ. ಅದರ ಜೊತೆಗೆ ಮನೆ ಪುಸ್ತಕದ ಮೊದಲ ಪುಟ, ಮೂಲಪತ್ರದ ಎರಡೂ ಬದಿ, ಹೊಸ ಟಿಎಂ 30 ಚೀಟಿ, ಇವುಗಳ ಸಹಿ ಹಾಕದ ಜೆರಾಕ್ಸ್ ಎರಡು ಸೆಟ್ ಮಾಡಿಸಿ ಮನೆಯ ಫೈಲಿನಲ್ಲಿ ಇಡಿ. ಸಹಿಯನ್ನು ಆಯಾ ದಿನ, ಆಯಾ ಕೌಂಟರಿನ ಮುಂದೆ ಹಾಕಿ.